ಮುತ್ತಜ್ಜನ ಮದುವೆ ದಾಖಲೆ ಎಲ್ಲಿ ಹುಡುಕಬೇಕು?

1920ರ ಸುಮಾರಿಗೆ ಉತ್ತರ ಕರ್ನಾಟಕದ ಹಳ್ಳಿಯಲ್ಲಿ ನಡೆದ ಮುತ್ತಜ್ಜನ ಮದುವೆಗೆ ದಾಖಲೆ ಸಿಗುತ್ತಾ ಅಂತ ಕೇಳಿದ್ದೀರಿ. ಸುಮ್ನೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯಬೇಡಿ. ಎಲ್ಲ ಮದುವೆಗಳೂ ನೋಂದಣಿ ಆಗಬೇಕು ಎಂಬ ರಾಜ್ಯದ ಕಾಯ್ದೆ 1976ರದು. ಕ್ರೈಸ್ತ ಕುಟುಂಬವಾದರೆ ಚರ್ಚಿನ ಮದುವೆ ರಿಜಿಸ್ಟರ್ ನೋಡಿ. ಅದರಲ್ಲಿ ಗಂಡು ಹೆಣ್ಣಿನ ಅಪ್ಪಂದಿರ ಹೆಸರೂ ಸಿಕ್ಕರೆ ಇನ್ನೊಂದು ತಲೆಮಾರು ಹಿಂದೆ ಹೋದಂತೆಯೇ ಅಲ್ವಾ?

ಉಳಿದವರಿಗೆ ನಾನು ಹೇಳುವುದು ಹೆಳವರ ದಾರಿ. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಒಕ್ಕಲು ಮನೆತನಗಳ ವಂಶಾವಳಿ ಹೇಳುತ್ತಾ ಬಂದವರು ಇವರು. ಯಾರು ಯಾರ ಮಗ, ಮೂಲ ಊರು ಯಾವುದು, ಎಲ್ಲ ಅವರ ಪುಸ್ತಕಗಳಲ್ಲಿ ಇರುತ್ತದೆ. ಎಂಥ ದೊಡ್ಡ ಆಸ್ತಿ ಅದು! ಸುಗ್ಗಿ ಹೊತ್ತಿಗೆ ಬರುವುದು ಜಾಸ್ತಿ. ನಿಮ್ಮ ಮನೆತನದ ಹೆಳವರು ಯಾರು ಅಂತ ಊರಿನ ಹಿರಿಯರನ್ನು ಈಗಲೇ ಕೇಳಿಡಿ.