ರೋಟರಿ ಎಂಜಿನ್ ಕಾರಿನ ಹುಚ್ಚು ಹೇಗೆ ಹಿಡಿಯುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ರೋಟರಿ ಎಂಜಿನ್ ಇರುವ ಮಜ್ದಾ ಆರ್‌ಎಕ್ಸ್-7 ಕಾರನ್ನು ನೀವು ವಿಡಿಯೊ ಗೇಮ್‌ನಲ್ಲಿ ಮಾತ್ರ ಓಡಿಸಿದ್ದೀರಿ. ಮೈಲೇಜ್ ಇಲ್ಲ, ಆಯಿಲ್ ಕುಡಿಯುತ್ತದೆ, ಎಂಜಿನ್ ಬೇಗ ಕೈ ಕೊಡುತ್ತದೆ ಅಂತ ಎಲ್ಲರೂ ಬೈಯುತ್ತಾರೆ. ಆದರೂ ರೋಟರಿ ಕಾರು ಇಟ್ಟುಕೊಂಡವರು ಅದನ್ನು ಬಿಡುವುದಿಲ್ಲ, ಯಾಕೆ?

ನಾನು ಮೈಸೂರಿನವನು, ಈಗ ಆಕ್ಲೆಂಡ್‌ನಲ್ಲಿದ್ದೇನೆ. ಮನೆ ಮುಂದೆ ಅದೇ ಮಜ್ದಾದ ರೋಟರಿ ಕಾರು, 2004ರ ಆರ್‌ಎಕ್ಸ್-8 ಒಂದು ನಿಂತಿದೆ. ಜನ ಬೈಯುವುದರಲ್ಲಿ ಸುಳ್ಳೇನೂ ಇಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನಗೆ ಈ ಹುಚ್ಚು ಹತ್ತಿದ್ದು ಕಿವಿಯಿಂದ. ನ್ಯೂಜಿಲೆಂಡ್‌ಗೆ ಜಪಾನಿನ ಸೆಕೆಂಡ್ ಹ್ಯಾಂಡ್ ಕಾರುಗಳು ಹಡಗುಗಟ್ಟಲೆ ಬರುತ್ತವೆ. ಎರಡೂ ದೇಶದಲ್ಲಿ ಸ್ಟೀರಿಂಗ್ ಬಲಗಡೆಯೇ ಅಲ್ವಾ? ಹಾಗಾಗಿ ಇಲ್ಲಿ ರೋಟರಿ ಅಷ್ಟೇನೂ ಅಪರೂಪವಲ್ಲ. ಬಂದ ಹೊಸತರಲ್ಲಿ ಒಂದು ಶನಿವಾರ ರಾತ್ರಿ ಬಸ್ ಸ್ಟಾಪ್‌ನಲ್ಲಿ ನಿಂತಿದ್ದೆ. ಸಿಗ್ನಲ್‌ನಲ್ಲಿ ಹಳೇ ಆರ್‌ಎಕ್ಸ್-7 ಒಂದು ‘ಬ್ರಪ್... ಬ್ರಪ್... ಬ್ರಪ್’ ಅಂತ ಕೆಮ್ಮುತ್ತಿತ್ತು. ಪಾಪ, ಇನ್ನೇನು ಆಫ್ ಆಗುತ್ತದೆ ಅಂದುಕೊಂಡೆ. ಹಸಿರು ದೀಪ ಬಿತ್ತು. ಕೆಮ್ಮು ನಿಂತು ಒಂದೇ ಎಳೆಯ ಕೂಗು ಶುರುವಾಯಿತು. ಏರಿತು, ಏರಿತು, ಈಗ ಗೇರ್ ಬದಲಾಯಿಸಲೇಬೇಕು ಅಂತ ನನ್ನ ಕಿವಿಗೆ ಅನಿಸಿದ ಮೇಲೂ ಏರುತ್ತಲೇ ಹೋಯಿತು. ಕೊನೆಗೆ ಸೈಲೆನ್ಸರ್‌ನಿಂದ ಬೊಗಸೆಯಷ್ಟು ಬೆಂಕಿ ಉಗುಳಿ ಮಾಯವಾಯಿತು. ಪಕ್ಕದಲ್ಲಿ ನಿಂತಿದ್ದ ಹುಡುಗ ‘ಬ್ರಿಡ್ಜ್‌ಪೋರ್ಟ್’ ಅಂದ. ನನಗೆ ತಲೆಬುಡ ಅರ್ಥವಾಗಲಿಲ್ಲ. ಗಾಳಿ ಒಳಗೆ ಬರುವ ಕಿಂಡಿಯನ್ನು ಕೊರೆದು ದೊಡ್ಡದು ಮಾಡಿಸಿದರೆ ಕಾರು ನಿಂತಿರುವಾಗ ಎಂಜಿನ್ ಹೀಗೆ ಕೆಮ್ಮುತ್ತದೆ ಅಂತ ಮನೆಗೆ ಹೋಗಿ ಓದಿಕೊಂಡೆ. ಓದುವುದು ಆ ರಾತ್ರಿಗೆ ನಿಲ್ಲಲಿಲ್ಲ.

ಒಳಗೆ ಏನಾಗುತ್ತದೆ ಅಂತ ಗೊತ್ತಾದರೆ ಆ ಕೂಗು ಯಾಕೆ ಹಾಗಿದೆ ಅನ್ನುವುದೂ ಗೊತ್ತಾಗುತ್ತದೆ. ಮಾಮೂಲಿ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಹೋಗಿ ನಿಲ್ಲಬೇಕು, ಕೆಳಗೆ ಬಂದು ನಿಲ್ಲಬೇಕು. 6000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 6000 ಸುತ್ತಿನಲ್ಲಿ, ಒಂದೊಂದು ಪಿಸ್ಟನ್ ನಿಮಿಷಕ್ಕೆ 12,000 ಸಲ ನಿಂತು ಹೊರಡುತ್ತದೆ. ಆ ಗಡಗಡ ಬರುವುದು ಅಲ್ಲಿಂದಲೇ. ರೋಟರಿಯಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಒರಳಿನಲ್ಲಿ ರುಬ್ಬುಗುಂಡು ಸುತ್ತುವುದನ್ನು ನೋಡಿದ್ದೀರಲ್ಲ? ತಾನೂ ತಿರುಗುತ್ತಾ, ಗೋಡೆಗುಂಟ ಸುತ್ತುತ್ತಾ ಇರುತ್ತದೆ. ಹೆಚ್ಚುಕಡಿಮೆ ಅದೇ ಕಥೆ. ಗುಂಡಿನ ಬದಲು ಹೊಟ್ಟೆ ಉಬ್ಬಿದ ತ್ರಿಕೋನ (ಅದೇ ರೋಟರ್), ಒರಳಿನ ಬದಲು ಎರಡು ಬೀಜದ ಕಡಲೆಕಾಯಿ ಆಕಾರದ ಗೂಡು. ತ್ರಿಕೋನದ ಮೂರು ಮೂಲೆಗಳೂ ಗೋಡೆ ಬಿಟ್ಟು ಆಚೆ ಹೋಗುವುದಿಲ್ಲ. ಮೂರು ಬದಿಯಲ್ಲಿ ಮೂರು ಕೆಲಸ ಒಟ್ಟಿಗೇ ನಡೆಯುತ್ತದೆ: ಒಂದು ಕಡೆ ಗಾಳಿ ಪೆಟ್ರೋಲ್ ಎಳೆದುಕೊಳ್ಳುತ್ತಿದ್ದರೆ, ಇನ್ನೊಂದು ಕಡೆ ಉರಿಯುತ್ತಿರುತ್ತದೆ, ಮತ್ತೊಂದು ಕಡೆ ಹೊಗೆ ಹೊರಗೆ ಹೋಗುತ್ತಿರುತ್ತದೆ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಎಂಜಿನ್‌ನ ಶಕ್ತಿ ಹೊರಗೆ ಕೊಡುವ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಅಂದರೆ ನನ್ನ ಕಾರಿನ ಮೀಟರ್ 9000 ತೋರಿಸುವಾಗ ರೋಟರ್ ಸುತ್ತುವುದು ನಿಮಿಷಕ್ಕೆ 3000 ಸಲ ಮಾತ್ರ. ಅದಕ್ಕೇ ಅಷ್ಟು ನಯ. ಎಷ್ಟು ನಯ ಅಂದರೆ, ಆರ್‌ಪಿಎಂ ಮಿತಿ ಹತ್ತಿರ ಬಂದದ್ದು ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ ಅಂತ 1978ರ ಮೊದಲ ಆರ್‌ಎಕ್ಸ್-7ರಲ್ಲೇ ಬಜರ್ ಇಟ್ಟಿದ್ದರು.

ಇನ್ನು ಗ್ರಹಚಾರದ ವಿಷಯ. ಆ ಮೂರು ಮೂಲೆಗಳಲ್ಲಿ ಏಪೆಕ್ಸ್ ಸೀಲ್ ಅಂತ ಒಂದೊಂದು ಪಟ್ಟಿ ಇರುತ್ತದೆ. ಇಲ್ಲಿಯ ಮೆಕ್ಯಾನಿಕ್ ಒಬ್ಬರು ಎಂಜಿನ್ ಬಿಚ್ಚಿದ್ದಾಗ ಅದನ್ನು ನನ್ನ ಅಂಗೈ ಮೇಲೆ ಇಟ್ಟರು. ಉದ್ದ 8 ಸೆಂಟಿಮೀಟರ್, ದಪ್ಪ 2 ಮಿಲಿಮೀಟರ್. ಇನ್ನೊಂದು ಕೈಯಲ್ಲಿ ನಾಲ್ಕು ಕೆಜಿಗೂ ಭಾರದ ರೋಟರ್. ಉರಿಯುವ ಬೆಂಕಿಯನ್ನು ಪಕ್ಕದ ಬದಿಗೆ ನುಗ್ಗದ ಹಾಗೆ ತಡೆಯುವುದು ಈ ಪುಟ್ಟ ಪಟ್ಟಿ. ಇದು ಸವೆದರೆ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಹೋಯಿತು; ಮುರಿದರೆ ಎಂಜಿನ್ ಇಳಿಸಬೇಕು.

ಈ ಪಟ್ಟಿ ದೊಡ್ಡ ದೊಡ್ಡವರಿಗೇ ನೀರು ಕುಡಿಸಿದೆ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಕನಸು ಕಂಡ ಎಂಜಿನ್ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಮೊದಲು ಓಡಿತು. ಆ ಕಂಪನಿಯ 1967ರ ಆರ್‌ಓ 80 ಕಾರಿಗೆ ಪ್ರಶಸ್ತಿ ಬಂತು, ಹಿಂದೆಯೇ ವಾರಂಟಿ ಖರ್ಚೂ ಬಂತು. ಆ ಕಾರಿನವರು ದಾರಿಯಲ್ಲಿ ಎದುರಾದರೆ ಬೆರಳು ಎತ್ತಿ ತೋರಿಸುತ್ತಿದ್ದರು ಅಂತ ಜೋಕ್ ಇದೆ. ಎಷ್ಟು ಬೆರಳೋ ಅಷ್ಟು ಸಲ ಎಂಜಿನ್ ಬದಲಾಗಿದೆ ಅಂತ ಅರ್ಥ! ಸಿಟ್ರೊಯೆನ್ ಕಂಪನಿಯಂತೂ ತಾನು ಮಾರಿದ ರೋಟರಿ ಕಾರುಗಳನ್ನು ತಾನೇ ವಾಪಸ್ ಕೊಂಡು ಗುಜರಿಗೆ ಹಾಕಿತು. ಹಿರೋಶಿಮಾದ ಮಜ್ದಾ ಮಾತ್ರ ಹಟ ಹಿಡಿಯಿತು. ಕೆನಿಚಿ ಯಮಾಮೊಟೊ ಮತ್ತು ಅವರ ಜೊತೆಯ ಎಂಜಿನಿಯರ್‌ಗಳು, ಒಟ್ಟು 47 ಮಂದಿ, ವರ್ಷಗಟ್ಟಲೆ ಇದೇ ಪಟ್ಟಿಯ ಹಿಂದೆ ಬಿದ್ದರು. ಸೀಲ್ ಅದುರಿ ಗೂಡಿನ ಗೋಡೆ ಮೇಲೆ ಸಾಲು ಸಾಲು ಗೀರು ಬೀಳುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ಸೈತಾನನ ಉಗುರಿನ ಗುರುತು. ಕೊನೆಗೆ ಅಲ್ಯುಮಿನಿಯಂ ಸೇರಿಸಿದ ಕಾರ್ಬನ್ ಸೀಲ್ ಮಾಡಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರನ್ನು ಮಾರಾಟಕ್ಕೆ ಬಿಟ್ಟರು.

1991ರ ಲೆ ಮಾನ್ಸ್ ಗೆಲುವಿನ ಬಗ್ಗೆ ನೀವು ಕೇಳಿಯೇ ಇರುತ್ತೀರಿ. ಮಜ್ದಾದ ನಾಲ್ಕು ರೋಟರ್‌ನ 787ಬಿ ಕಾರು, ಕಿತ್ತಳೆ ಹಸಿರು ಬಣ್ಣ, 55ನೇ ನಂಬರ್. 24 ಗಂಟೆಯ ಆ ರೇಸ್ ಗೆದ್ದ ಮೊದಲ ಜಪಾನಿ ಕಾರು ಅದು. ಕೊನೆಯ ಸರದಿ ಓಡಿಸಿದ ಜಾನಿ ಹರ್ಬರ್ಟ್ ಸುಸ್ತಾಗಿ ಬಿದ್ದು ಪೋಡಿಯಂ ಹತ್ತಲೂ ಆಗಲಿಲ್ಲ. ಮಜ್ದಾ ಗೆದ್ದಿತಲ್ಲ ಅನ್ನುವ ಹೊಟ್ಟೆಕಿಚ್ಚಿಗೆ ರೋಟರಿಯನ್ನು ಬ್ಯಾನ್ ಮಾಡಿದರು ಅಂತ ನಮ್ಮ ಪಂಗಡದವರು ಹೇಳಿಕೊಂಡು ತಿರುಗುತ್ತಾರೆ. ನಂಬಬೇಡಿ. 3.5 ಲೀಟರ್ ಪಿಸ್ಟನ್ ಎಂಜಿನ್‌ನ ನಿಯಮ ಆ ರೇಸ್‌ಗೆ ಮೊದಲೇ ತೀರ್ಮಾನವಾಗಿತ್ತು.

ನೀವು ಗೇಮ್‌ನಲ್ಲಿ ಓಡಿಸಿದ್ದು ಬಹುಶಃ 1991ರಲ್ಲಿ ಬಂದ ಮೂರನೇ ತಲೆಮಾರಿನ ಆರ್‌ಎಕ್ಸ್-7, ಎಫ್‌ಡಿ ಅನ್ನುತ್ತೇವಲ್ಲ, ಅದು. 654 ಸಿಸಿಯ ಎರಡು ರೋಟರ್, ಎರಡು ಟರ್ಬೊ. ಎಂಜಿನ್ ಚಿಕ್ಕದಾದ್ದರಿಂದ ಮುಂದಿನ ಚಕ್ರಗಳಿಗಿಂತ ಹಿಂದೆ, ತಗ್ಗಿನಲ್ಲಿ ಕೂರಿಸಿದ್ದಾರೆ. ಬಾನೆಟ್ ಅಷ್ಟು ಕೆಳಗಿರುವುದೂ, ತಿರುವಿನಲ್ಲಿ ಕಾರು ಹೇಳಿದ ಹಾಗೆ ಕೇಳುವುದೂ ಅದಕ್ಕೇ. ಅದರ ಬೆಲೆ ಈಗ ನನ್ನ ಕೈಗೆ ಎಟುಕುವುದಿಲ್ಲ. ನನ್ನ ಆರ್‌ಎಕ್ಸ್-8 ಮಾತ್ರ ಜನ ಹೆದರಿ ದೂರ ಇಟ್ಟಿದ್ದರಿಂದ ಅಗ್ಗಕ್ಕೆ ಸಿಕ್ಕಿತು.

ತಂದ ಎರಡನೇ ವಾರವೇ ಕೆಟ್ಟ ಕೆಲಸ ಮಾಡಿದೆ. ಕಾರು ತೊಳೆಯೋಣ ಅಂತ ಸ್ಟಾರ್ಟ್ ಮಾಡಿ, ಹತ್ತು ಅಡಿ ಹಿಂದೆ ತಂದು, ಆಫ್ ಮಾಡಿದೆ. ತಣ್ಣಗಿರುವ ರೋಟರಿಗೆ ಹಾಗೆ ಮಾಡಲೇಬಾರದು. ಒಳಗೆ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಗುತ್ತದೆ, ಸೀಲ್ ಮೇಲಿನ ಆಯಿಲ್ ಪೊರೆ ತೊಳೆದುಹೋಗುತ್ತದೆ. ತೊಳೆದು ಒರೆಸಿ ಕೀ ತಿರುಗಿಸಿದರೆ ಸ್ಟಾರ್ಟರ್ ಸುಮ್ನೆ ವೀಂ ಅನ್ನುತ್ತಿದೆ, ಅಷ್ಟೇ. ನಾಲ್ಕೂ ಪ್ಲಗ್ ಬಿಚ್ಚಿ ಒಣಗಿಸಿ, ಬ್ಯಾಟರಿಗೆ ಚಾರ್ಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ತಿರುಗಿಸಿ ತಿರುಗಿಸಿ ಸಂಜೆ ಹೊತ್ತಿಗೆ ಕೆಮ್ಮಿತು. ಬೀದಿ ತುಂಬ ಬಿಳಿ ಹೊಗೆ. ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು.

ಆಯಿಲ್ ಕುಡಿಯುತ್ತದೆ ಅನ್ನುವ ದೂರಿಗೆ ಮಾತ್ರ ನನ್ನ ತಕರಾರಿದೆ. ಅದು ರೋಗವಲ್ಲ. ಸೀಲ್ ಒಣಗದಿರಲಿ ಅಂತ ಪಂಪ್ ಒಂದು ಬೇಕೆಂದೇ ಎಂಜಿನ್ ಆಯಿಲನ್ನು ತೊಟ್ಟು ತೊಟ್ಟಾಗಿ ಒಳಗೆ ಬಿಡುತ್ತಿರುತ್ತದೆ. ಅದೂ ಸಾಲದು ಅನ್ನುವ ನನ್ನಂಥವರು ಪೆಟ್ರೋಲ್‌ಗೇ ಸ್ವಲ್ಪ ಟು ಟಿ ಆಯಿಲ್ ಸೇರಿಸುತ್ತೇವೆ. ನಾನು ಹಾಕುವುದು 10 ಲೀಟರ್‌ಗೆ 50 ಎಂಎಲ್. ಅಪ್ಪ ಇಲ್ಲಿಗೆ ಬಂದಿದ್ದಾಗ ನಾನು ಪುಟ್ಟ ಅಳತೆ ಲೋಟದಲ್ಲಿ ಆಯಿಲ್ ಅಳೆಯುತ್ತಿದ್ದೆ. ಹತ್ತಿರ ಬಂದು ಮೂಸಿದರು. “ಇದೇನೋ, ಇಷ್ಟು ದೂರ ಬಂದು ಯೆಜ್ಡಿ ತಗೊಂಡಿದ್ದೀಯಾ?” ಅಂದರು. ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅಪ್ಪ ತಮ್ಮ ಗಾಡಿಯನ್ನು ಅದಾದ ಮೇಲೂ ಎಷ್ಟೋ ವರ್ಷ ಇಟ್ಟುಕೊಂಡಿದ್ದರು. ಪೆಟ್ರೋಲ್‌ಗೆ ಆಯಿಲ್ ಬೆರೆಸುವುದು, ಪ್ಲಗ್ ಬಿಚ್ಚಿ ಉಜ್ಜುವುದು, ಹೊರಡುವ ಮೊದಲು ಐದು ನಿಮಿಷ ಬಿಸಿ ಮಾಡುವುದು, ಬೇರೆಯವರ ಕೈಗೆ ಕೊಡದಿರುವುದು: ಭಾನುವಾರ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಮಾಡುತ್ತಿದ್ದದ್ದೇ ಇಲ್ಲಿ ನಾನು ಮಾಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯೆಜ್ಡಿಯನ್ನೋ ಯಮಹಾ ಆರ್‌ಎಕ್ಸ್ 100 ಬೈಕನ್ನೋ ಮಾರಲು ಒಪ್ಪದ ಚಿಕ್ಕಪ್ಪ ಯಾರಾದರೂ ಇದ್ದರೆ ಅವರನ್ನೇ ಕೇಳಿ ನೋಡಿ. ನನಗಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ.

ಕೊಳ್ಳುವ ಆಸೆ ಇದ್ದರೆ: ಮಜ್ದಾ ಭಾರತದಲ್ಲಿ ಕಾರು ಮಾರುವುದಿಲ್ಲ, ಆ ಕನಸು ಸದ್ಯಕ್ಕೆ ಬಿಡಿ. ಹೊರದೇಶದಲ್ಲಿದ್ದು ನೋಡುವುದಾದರೆ, ಎಂಜಿನ್ ಬಿಸಿ ಇರುವಾಗ ರೋಟರಿಗೆಂದೇ ಇರುವ ಮೀಟರ್‌ನಲ್ಲಿ ಕಂಪ್ರೆಶನ್ ಅಳೆಸಿ. ಮಾಮೂಲಿ ಗೇಜ್ ಮೂರು ಬದಿಯ ಲೆಕ್ಕವನ್ನು ಬೇರೆ ಬೇರೆ ತೋರಿಸುವುದಿಲ್ಲ. ಬಿಸಿಯಾಗಿದ್ದಾಗ ಸ್ಟಾರ್ಟ್ ಆಗಲು ಒದ್ದಾಡುವ ಕಾರನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಆಕ್ಲೆಂಡ್ ಕಡೆ ಬಂದರೆ ತಿಳಿಸಿ. ಒಂದು ರೌಂಡ್ ಕರೆದುಕೊಂಡು ಹೋಗುತ್ತೇನೆ, ಪೆಟ್ರೋಲ್ ನಿಮ್ಮದು. ಓಡಿಸಲು ಮಾತ್ರ ಕೇಳಬೇಡಿ.