ತೊಗಲಿನಲ್ಲಿ ಅಷ್ಟು ದುಡ್ಡು ಎಲ್ಲಿತ್ತು?

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: “ಜಾನ್ ಜೇಕಬ್ ಆಸ್ಟರ್ ತೊಗಲು ಮಾರಿ ಅಮೆರಿಕದ ಅತಿ ದೊಡ್ಡ ಶ್ರೀಮಂತನಾದ ಎಂದು ಹೋದ ಸಂಚಿಕೆಯಲ್ಲಿ ಓದಿದೆ. ನೀರುನಾಯಿ ಚರ್ಮದಲ್ಲಿ ಅಷ್ಟು ದುಡ್ಡು ಎಲ್ಲಿತ್ತು? ಇದ್ದಿದ್ದರೆ 1834ರಲ್ಲಿ ಆ ವ್ಯಾಪಾರ ಬಿಟ್ಟದ್ದೇಕೆ?”

ಮೊದಲು ಪ್ರಾಣಿಯ ವಿಷಯ. ಯುರೋಪಿನವರ ಟೋಪಿಗೆಂದು ಆಸ್ಟರ್ ಮಾರುತ್ತಿದ್ದ ತೊಗಲು ನೀರುನಾಯಿಯದಲ್ಲ, ಬೀವರ್‌ನದು. ನಮ್ಮ ತುಂಗಭದ್ರೆಯ ನೀರುನಾಯಿ ಮೀನು ತಿನ್ನುತ್ತದೆ. ಬೀವರ್ ಇಲಿ, ಅಳಿಲುಗಳ ಬಳಗದ್ದು. ಮರ ಕಡಿದು ಹೊಳೆಗೆ ಒಡ್ಡು ಕಟ್ಟುತ್ತದೆ, ತೊಗಟೆ ತಿನ್ನುತ್ತದೆ.

ಅದರ ಮೈಮೇಲೆ ಎರಡು ಪದರ ಕೂದಲು. ಮೇಲಿನದು ಉದ್ದ, ಒರಟು. ಯುರೋಪಿನ ಟೋಪಿ ಕಸುಬಿನವರಿಗೆ ಬೇಕಿದ್ದದ್ದು ಅಡಿಯ ಮೆತ್ತನೆ ತುಪ್ಪಳ. ಅದರ ಎಳೆಗಳಲ್ಲಿ ಸಣ್ಣ ಹುರುಪೆಗಳಿವೆ. ಬಿಸಿನೀರು ಹಾಕಿ ಅದುಮಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು, ನೇಯದೆಯೇ ಗಟ್ಟಿ ಫೆಲ್ಟ್ ಆಗುತ್ತದೆ. ಮಳೆಗೆ ನೆನೆದರೂ ಟೋಪಿಯ ಆಕಾರ ಕೆಡದು. ಬೇಗ ಕಚ್ಚಲೆಂದು ನೈಟ್ರಿಕ್ ಆಮ್ಲದಲ್ಲಿ ಪಾದರಸ ಕರಗಿಸಿ ಸವರುತ್ತಿದ್ದರು. ಆ ಹಬೆ ಕುಡಿದ ಕೆಲಸಗಾರರಿಗೆ ಕೈನಡುಕ ಹಿಡಿಯುತ್ತಿತ್ತು, ಬುದ್ಧಿ ಕೆಡುತ್ತಿತ್ತು.

ಬೆಲೆ ಚಳಿಗಾಲದ ತೊಗಲಿಗೆ. ಬೇಸಿಗೆಯದರಲ್ಲಿ ತುಪ್ಪಳ ತೆಳು. ಸುಲಿದ ಮೇಲೆ ಕೊಬ್ಬನ್ನೆಲ್ಲ ಹೆರೆದು, ವಿಲೋ ಕೊಂಬೆ ಬಗ್ಗಿಸಿ ಮಾಡಿದ ಬಳೆಗೆ ಸುತ್ತಲೂ ಹೊಲಿದು ಒಣಗಿಸಬೇಕು. ಕೊಬ್ಬು ಉಳಿದಲ್ಲಿ ಕೊಳೆತು ಕೂದಲು ಉದುರುತ್ತದೆ. ಗೋದಾಮಿನಲ್ಲಿ ಆಗಾಗ ಬಡಿಯದಿದ್ದರೆ ನುಸಿಹುಳ ತಿನ್ನುತ್ತದೆ. 1763ರಲ್ಲಿ ಜರ್ಮನಿಯ ವಾಲ್ಡೋರ್ಫ್‌ನಲ್ಲಿ ಕಟುಕನ ಮಗನಾಗಿ ಹುಟ್ಟಿ, 1784ರಲ್ಲಿ ಕೆಲವು ಕೊಳಲು ಹಿಡಿದು ಅಮೆರಿಕಕ್ಕೆ ಬಂದ ಆಸ್ಟರ್ ಈ ಬಡಿಯುವ ಕೆಲಸದಿಂದಲೇ ತುಪ್ಪಳದ ಗುಣ ಕಲಿತ ಎನ್ನುತ್ತಾರೆ.

ಒಣಗಿದ ತೊಗಲು ಸುಮಾರು ಒಂದೂವರೆ ಪೌಂಡ್. ಅರವತ್ತನ್ನು ಒತ್ತಿ ಕಟ್ಟಿದರೆ 90 ಪೌಂಡಿನ ಒಂದು ಮೂಟೆ. ದೋಣಿ ಸಾಗದ ಕಡೆ ಆಳು ಇಂಥ ಎರಡು ಮೂಟೆ ಬೆನ್ನಿಗೇರಿಸಿ ನಡೆಯುತ್ತಿದ್ದ. ತೂಕ ಕಮ್ಮಿ, ಬೆಲೆ ಜಾಸ್ತಿ. ಅದಕ್ಕೇ ಅಷ್ಟು ದೂರದ ಸಾಗಣೆ ಖರ್ಚು ತಾಳುತ್ತಿತ್ತು.

ಆದರೆ ದೊಡ್ಡ ದುಡ್ಡು ತೊಗಲಿನಲ್ಲಲ್ಲ, ದಾರಿಯ ಎರಡೂ ತುದಿಗಳಲ್ಲಿತ್ತು. ಒಂದು ತುದಿ ಕಾಡು. ಶರತ್ಕಾಲದಲ್ಲಿ ಮೂಲನಿವಾಸಿ ಬೇಟೆಗಾರರಿಗೆ ಕಂಬಳಿ, ಚಾಕು, ಹಂಡೆ, ಬಂದೂಕು ಸಾಲವಾಗಿ ಕೊಟ್ಟು, ವಸಂತದಲ್ಲಿ ತೊಗಲಾಗಿ ವಸೂಲಿ. ಸಾಮಾನಿನ ಬೆಲೆ ಏರಿಸಿಯೇ ಬರೆಯುತ್ತಿದ್ದರಿಂದ ಸಾಲ ತೀರುತ್ತಿರಲಿಲ್ಲ. ಅದರ ಮೇಲೆ ಮದ್ಯ. ಇದನ್ನು ಬಿಟ್ಟು ಆಸ್ಟರ್‌ನ ಜಾಣತನ ಮಾತ್ರ ಹೊಗಳುವುದು ಅನ್ಯಾಯ. ಇನ್ನೊಂದು ತುದಿ ಚೀನಾದ ಕ್ಯಾಂಟನ್. ನೀವು ಹೇಳಿದ ನೀರುನಾಯಿ ಇಲ್ಲಿ ಬರುತ್ತದೆ: ಪೆಸಿಫಿಕ್ ಕಡಲ ನೀರುನಾಯಿಯ ತುಪ್ಪಳಕ್ಕೆ ಅಲ್ಲಿ ಭಾರಿ ಬೆಲೆ. ಅದನ್ನು ಮಾರಿ ಚಹಾ, ರೇಷ್ಮೆ ತುಂಬಿ ನ್ಯೂಯಾರ್ಕಿಗೆ ತಂದರೆ ಅದರಲ್ಲೂ ಲಾಭ.

ಎಡವಿದ್ದೂ ಉಂಟು. 1808ರಲ್ಲಿ ಅಮೆರಿಕನ್ ಫರ್ ಕಂಪನಿ ಕಟ್ಟಿದವನು 1811ರಲ್ಲಿ ಕೊಲಂಬಿಯಾ ನದೀಮುಖದಲ್ಲಿ ಅಸ್ಟೋರಿಯಾ ಕೋಟೆ ಹಾಕಿಸಿದ. ಅವನ ‘ಟಾಂಕ್ವಿನ್’ ಹಡಗಿನ ಕಪ್ತಾನ ಚೌಕಾಸಿಯಲ್ಲಿ ತಾಳ್ಮೆಗೆಟ್ಟು ಸ್ಥಳೀಯ ಮುಖಂಡನನ್ನು ಅವಮಾನಿಸಿದ. ಮುಖಂಡನ ಕಡೆಯವರು ಹಡಗಿನ ಮೇಲೆ ಬಿದ್ದರು. ಹಡಗಿನವರಲ್ಲಿ ಬಹುತೇಕರು ಸತ್ತರು, ಹಡಗು ಸಿಡಿದುಹೋಯಿತು. ಬ್ರಿಟನ್ ಜತೆ ಯುದ್ಧ ಶುರುವಾಗಿ ನೆರವೂ ತಲುಪದೆ, 1813ರಲ್ಲಿ ಕೋಟೆ ಪ್ರತಿಸ್ಪರ್ಧಿ ಕಂಪನಿಯ ಪಾಲಾಯಿತು. ಅಮೆರಿಕದ ಪ್ರಜೆಗಳಿಗಷ್ಟೇ ತುಪ್ಪಳ ವ್ಯಾಪಾರದ ಪರವಾನಗಿ ಎಂಬ 1816ರ ಕಾಯ್ದೆ ಅವನನ್ನು ಮತ್ತೆ ಎತ್ತಿತು.

ಬಿಟ್ಟದ್ದೇಕೆ? 1832ರಲ್ಲಿ ಯುರೋಪಿನಲ್ಲಿದ್ದಾಗ ಟೋಪಿಗಳು ರೇಷ್ಮೆಗೆ ತಿರುಗುತ್ತಿರುವುದನ್ನು ಕಣ್ಣಾರೆ ಕಂಡ. ಇತ್ತ ಹೊಳೆಗಳಲ್ಲಿ ಬೀವರ್ ಬರಿದಾಗುತ್ತಿತ್ತು. ಎರಡು ವರ್ಷದಲ್ಲಿ ಪಾಲು ಮಾರಿದ.

ಆ ಹೊತ್ತಿಗಾಗಲೇ ತುಪ್ಪಳದ ಲಾಭ ಮ್ಯಾನ್‌ಹಟನ್ ಮಣ್ಣಿಗೆ ಇಳಿದಿತ್ತು. ಈಗಿನ ಟೈಮ್ಸ್ ಸ್ಕ್ವೇರ್ ಆಸುಪಾಸಿನ 70 ಎಕರೆಯ ತೋಟವನ್ನು 1803ರಲ್ಲೇ ಹಿಡಿದಿದ್ದ. ಊರು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಕೊಂಡ ನೆಲವನ್ನು ಮಾರುವ ಬದಲು ದೀರ್ಘಾವಧಿ ಗುತ್ತಿಗೆಗೆ ಕೊಡುವುದು ಅವನ ರೂಢಿ. ಕಟ್ಟಡದ ಖರ್ಚು ಗುತ್ತಿಗೆದಾರನದು. ಅವಧಿ ಮುಗಿದಾಗ ನೆಲ ಆಸ್ಟರ್‌ನದೇ, ಏರಿದ ಬೆಲೆಗೆ ತಕ್ಕ ಹೊಸ ಬಾಡಿಗೆ. 1848ರಲ್ಲಿ ತೀರಿಕೊಂಡಾಗ ಆಸ್ತಿ ಸುಮಾರು ಎರಡು ಕೋಟಿ ಡಾಲರ್. ಹೆಚ್ಚಿನದು ಈ ನೆಲದ್ದೇ.