ತೋಡಿನ ನೀರು, ಊರಿನ ಕಟ್ಟುಪಾಡು

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: “ನಮ್ಮ ಅಜ್ಜನ ಕಾಲದಲ್ಲಿ ಠಾಣೆ ದೂರ, ಕೋರ್ಟು ಇನ್ನೂ ದೂರ. ಆದರೂ ಊರಿನ ಹಿರಿಮನೆಯಾದ ಗುತ್ತಿನ ಮನೆಯ ಮಾತಿನಿಂದ, ದೈವದ ನುಡಿಯಿಂದ ಊರು ನಡೆಯುತ್ತಿತ್ತು. ಈಗ ನನ್ನ ನೆರೆಯ ಎರಡು ಮನೆಯವರು ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿನ ಪಾಲಿಗಾಗಿ ಆರು ವರ್ಷಗಳಿಂದ ಮುನ್ಸೀಫ್ ಕೋರ್ಟಿಗೆ ಅಲೆಯುತ್ತಿದ್ದಾರೆ. ಭಯ ಹೋದ ಮೇಲೆ ಶಿಸ್ತು ಉಳಿಯುವುದುಂಟೇ? ಹಳೆಯ ಪಂಚಾತಿಕೆಯನ್ನು ಮತ್ತೆ ಏಕೆ ತರಬಾರದು?”

ಮಾನ್ಯರೇ,

ಭಯ ಹೋದದ್ದರಿಂದ ಶಿಸ್ತು ಹೋಯಿತೆಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ನೀರಿನ ಪ್ರಸ್ತಾಪವನ್ನು ನೀವೇ ಮಾಡಿರುವುದರಿಂದ ಅಲ್ಲಿಂದಲೇ ತೊಡಗುತ್ತೇನೆ. ಮಳೆ ನಿಂತು ತೋಡಿನ ಹರಿವು ತಗ್ಗಿದಾಗ ಏತಡ್ಕದಂತಹ ಊರುಗಳಲ್ಲಿ ಕೃಷಿಕರು ಒಟ್ಟಾಗಿ ತೋಡಿಗೆ ಅಡ್ಡಲಾಗಿ ಕಟ್ಟ ಎಂಬ ತಾತ್ಕಾಲಿಕ ಒಡ್ಡು ಕಟ್ಟುವುದನ್ನು ನೀವು ಕಂಡಿರಬಹುದು. ಕಲ್ಲು ಮಣ್ಣು ಹೊರಲು ಬಾರದವನನ್ನು ಯಾವ ಪೊಲೀಸರೂ ಹಿಡಿಯುತ್ತಿರಲಿಲ್ಲ. ಆದರೆ ಬೇಸಗೆಯಲ್ಲಿ ಅವನ ಅಡಿಕೆ ತೋಟಕ್ಕೂ ಅದೇ ನೀರು ಬೇಕಾಗಿದ್ದುದರಿಂದ ಅವನು ಬರುತ್ತಿದ್ದ. ಆಮೇಲೆ ಕೊಳವೆಬಾವಿಗಳು ಬಂದವು. ಪ್ರತಿ ತೋಟಕ್ಕೂ ಅದರದೇ ಪಂಪು ಆದಾಗ ನೆರೆಯವನ ಹಂಗು ತಪ್ಪಿತು, ಎಷ್ಟೋ ಕಡೆ ಕಟ್ಟವೂ ನಿಂತಿತು. ನಮ್ಮಲ್ಲಿ ಸಡಿಲವಾದದ್ದು ಈ ಹಂಗು ಎಂದು ನನ್ನ ಎಣಿಕೆ.

ಸ್ಪೇನಿನ ವೆಲೆನ್ಸಿಯಾದಲ್ಲಿ ಇಂಥದೇ ಹಂಗು ಒಂದು ನ್ಯಾಯಸ್ಥಾನವಾಗಿಯೇ ಉಳಿದುಕೊಂಡಿದೆ. ಅಲ್ಲಿನ ಎಂಟು ನೀರಾವರಿ ಕಾಲುವೆಗಳ ರೈತರು ತಮ್ಮೊಳಗಿನಿಂದಲೇ ಆರಿಸಿದ ಪ್ರತಿನಿಧಿಗಳು ಪ್ರತಿ ಗುರುವಾರ ಮಧ್ಯಾಹ್ನ ನಗರದ ಹಿರಿಯ ಇಗರ್ಜಿಯ ಬಾಗಿಲ ಬಳಿ ಕುಳಿತು ನೀರಿನ ತಕರಾರುಗಳನ್ನು ಕೇಳುತ್ತಾರೆ. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನದು, ತೀರ್ಪು ಅಲ್ಲಿಯೇ. ಯುನೆಸ್ಕೊ 2009ರಲ್ಲಿ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ: ವಿಚಾರಣೆ ನಡೆಯುವುದು ಆ ಪ್ರದೇಶದ ವೆಲೆನ್ಸಿಯನ್ ಭಾಷೆಯಲ್ಲಿ. 1956ರಿಂದ ಕೇರಳದಲ್ಲಿರುವ ನಮ್ಮಂಥ ಕಾಸರಗೋಡಿನ ಕನ್ನಡಿಗರು, ಮಲಯಾಳದಲ್ಲಿರುವ ತಮ್ಮ ಮೇಲಿನ ದೂರನ್ನೇ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿ ಬಂದವರು, ಇದರ ಬೆಲೆಯನ್ನು ಬಲ್ಲೆವು. ತನಗೆ ಅರ್ಥವಾಗುವ ಮಾತಿನಲ್ಲಿ ನ್ಯಾಯ ಹೇಳಿದರೆ ಸೋತವನೂ ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು.

ಅರಸನೂ ಠಾಣೆಯೂ ಇಲ್ಲದ ಸಮಾಜಗಳೂ ಇದ್ದವು. ಇಂದಿನ ದಕ್ಷಿಣ ಸುಡಾನಿನ ನುಏರ್ ಜನರಲ್ಲಿ, 1930ರ ದಶಕದಲ್ಲಿ ಅಧ್ಯಯನಕಾರರು ಕಂಡಂತೆ, ಕೊಲೆ ಮಾಡಿದವನು ಚಿರತೆಯ ತೊಗಲು ಹೊದೆಯುವ ಹಿರಿಯನೊಬ್ಬನ ಮನೆಯನ್ನು ಹೊಗುತ್ತಿದ್ದನು. ಅಪ್ಪಣೆ ಮಾಡುವ ಅಧಿಕಾರವೇ ಇಲ್ಲದ ಆ ಹಿರಿಯನು ಎರಡೂ ಕಡೆಯವರನ್ನು ಮಾತಿಗೆ ತಂದು ದನಗಳ ಪರಿಹಾರಕ್ಕೆ ಒಪ್ಪಿಸುತ್ತಿದ್ದನು.

ಇಷ್ಟು ಹೇಳಿದ ಮೇಲೆ ನಿಮಗೆ ಹಿತವಾಗದ ಮಾತನ್ನೂ ಹೇಳಲೇಬೇಕು. ಪರಸ್ಪರ ಹಂಗಿನಿಂದ ನಡೆಯುವ ಊರಿನ ಕೈಯಲ್ಲಿರುವ ದೊಡ್ಡ ಆಯುಧವೆಂದರೆ ಹಂಗನ್ನು ಕಡಿಯುವುದೇ. ಜಪಾನಿನ ಹಳ್ಳಿಗಳಲ್ಲಿ ಕಟ್ಟುಪಾಡು ಮೀರಿದ ಮನೆಯೊಂದಿಗೆ ಎಲ್ಲರೂ ವ್ಯವಹಾರ ನಿಲ್ಲಿಸುವ ಪದ್ಧತಿಯಿತ್ತು. ಬೆಂಕಿ ಬಿದ್ದಾಗ ಮತ್ತು ಸಾವಾದಾಗ ಮಾತ್ರ ಕೈಜೋಡಿಸುತ್ತಿದ್ದರೆಂದು ಹೇಳುತ್ತಾರೆ. ನಮ್ಮ ದೇಶದ ಜಾತಿ ಬಹಿಷ್ಕಾರಗಳಲ್ಲಿ ಹಲವು ಬಾರಿ ಅಷ್ಟು ಕರುಣೆಯೂ ಇರಲಿಲ್ಲ. ಇಂಥ ಬಹಿಷ್ಕಾರವನ್ನು ಅಪರಾಧವೆಂದು ಸಾರಲು ಮಹಾರಾಷ್ಟ್ರವು 2016ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು.

ದೈವದ ನುಡಿಯ ವಿಷಯವೂ ನೀವು ನೆನೆದಷ್ಟು ಸರಳವಾಗಿಲ್ಲ. ದೈವದ ಆರಾಧನೆಯಾದ ಕೋಲದ ರಾತ್ರಿ ಮುಖವರ್ಣಿಕೆ ಹಚ್ಚಿ, ಅಣಿ ಎಂಬ ಅಲಂಕಾರ ಕಟ್ಟಿದ, ದೈವ ಕಟ್ಟುವ ಸಮುದಾಯಗಳಾದ ನಲಿಕೆಯವರ, ಪಂಬದರ ಅಥವಾ ಪರವರ ಮನುಷ್ಯನು ಗುತ್ತಿನ ಯಜಮಾನನನ್ನು ಎದುರು ನಿಲ್ಲಿಸಿ ಲೆಕ್ಕ ಕೇಳುತ್ತಾನೆ, ಯಜಮಾನನು ಕೈಮುಗಿದು ತಪ್ಪೊಪ್ಪಿಕೊಳ್ಳುತ್ತಾನೆ. ಇದು ಸಣ್ಣ ಸಂಗತಿಯಲ್ಲ. ಉತ್ತರ ಕೇರಳದ ದೈವವಾದ ಪೊಟ್ಟನ್ ತೆಯ್ಯವಂತೂ ಗಾಯವಾದರೆ ಇಬ್ಬರಲ್ಲಿಯೂ ಹರಿಯುವುದು ಒಂದೇ ನೆತ್ತರಲ್ಲವೇ ಎಂದು ಜಾತಿಯನ್ನೇ ಕೇಳುತ್ತದೆ. ಆದರೆ ಬೆಳಗಾಗಿ ಬಣ್ಣ ಒರೆಸಿದ ಮೇಲೆ ಆ ಮನುಷ್ಯನು ಅದೇ ಮನೆಯ ಅಂಗಳದಲ್ಲಿಯೇ ನಿಲ್ಲಬೇಕಾಗಿತ್ತು, ಚಾವಡಿಗೆ ಏರುವಂತಿರಲಿಲ್ಲ. ನಿಮ್ಮ ಅಜ್ಜನ ಕಾಲದ ಊರು ಚೆನ್ನಾಗಿ ನಡೆಯುತ್ತಿತ್ತೆಂದು ಚಾವಡಿಯಲ್ಲಿ ಕುಳಿತವರು ಹೇಳಿದ್ದಾರೆ; ಅಂಗಳದಲ್ಲಿದ್ದವರನ್ನು ನಾವು ಕೇಳಿಲ್ಲ.

ಹಾಗಾಗಿ ಪಂಚಾತಿಕೆ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರವು ತಕರಾರು ಯಾವುದೆಂಬುದನ್ನು ಅವಲಂಬಿಸಿದೆ. ನೀರು, ಬೇಲಿ, ದಾರಿಯಂತಹ ವಿಷಯಗಳಲ್ಲಿ, ಇಬ್ಬರೂ ಸರಿಸಮಾನರಾಗಿದ್ದು, ಒಪ್ಪುವುದಿಲ್ಲವೆಂದು ಎದ್ದುಹೋಗುವ ಸ್ವಾತಂತ್ರ್ಯ ಇಬ್ಬರಿಗೂ ಇದ್ದರೆ, ಹಿರಿಯರು ಕುಳಿತು ಮಾತಾಡಿಸುವುದು ಕೋರ್ಟಿಗಿಂತ ಮೇಲು. ಹುಡುಗಿಯ ಮದುವೆ, ಜಾತಿ, ಕೂಲಿ ಇವುಗಳಲ್ಲಿ ಅದು ಬೇಡವೇ ಬೇಡ, ಏಕೆಂದರೆ ಅಲ್ಲಿ ಒಬ್ಬರಿಗೆ ಎದ್ದುಹೋಗುವ ಬಾಗಿಲೇ ಇರುವುದಿಲ್ಲ. ನಿಮ್ಮ ನೆರೆಯವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ನಡೆಯುವ ಲೋಕ ಅದಾಲತ್ತಿನ ದಾರಿಯೂ ಇದೆ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆಯುಂಟು, ಅದರ ಮೇಲೆ ಅಪೀಲು ಇಲ್ಲ.

ಆ ಎರಡು ಮನೆಯವರು ಈಗಲೂ ಆ ಸುರಂಗದ ನೀರನ್ನೇ ನೆಚ್ಚಿಕೊಂಡಿದ್ದಾರೆಯೇ, ಅಥವಾ ಇಬ್ಬರೂ ಕೊಳವೆಬಾವಿ ಕೊರೆಸಿ ಬರಿಯ ಹಟಕ್ಕೆ ವ್ಯಾಜ್ಯ ನಡೆಸುತ್ತಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ಮೊದಲನೆಯದಾದರೆ ರಾಜಿಯ ಆಸೆ ಇದೆ. ವಿಚಾರಿಸಿ ತಿಳಿಸಿ.

— ಸಂಪಾದಕ